ಹೆಸರು ಅಳಿಸುವ ಮಾತು

ಬಸವೇಶ್ವರನಗರದ ನಮ್ಮ ಬೀದಿಯ ಜಯದೇವಿಯವರ ಬಾಯಲ್ಲಿ ಅಶುಭದ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದರೆ ‘ಹೆಚ್ಚಿದೆ’ ಎನ್ನುತ್ತಾರೆ. ದೀಪ ಆರಿಸು ಎನ್ನುವುದಿಲ್ಲ, ‘ಶಾಂತ ಮಾಡು’ ಎನ್ನುತ್ತಾರೆ. ಗಂಡ ಚನ್ನವೀರಪ್ಪ ಲಿಂಗೈಕ್ಯರಾಗಿ ಕೆಲವು ವರ್ಷಗಳಾದವು. ಅವರ ವಿಷಯ ಬಂದಾಗಲೂ ‘ಅವರು ಇದ್ದಾಗ’ ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ.

ವಿಜಯನಗರದ ಒಂದು ದಾಸೋಹ ಟ್ರಸ್ಟಿನಲ್ಲಿ ಅವರಿಗೆ ಕೆಲಸ. ತಮ್ಮ ಮನೆಯ ತೀರಿಹೋದ ಹಿರಿಯರ ಹೆಸರಿನಲ್ಲಿ ಜನ ವರ್ಷಕ್ಕೊಮ್ಮೆ ಅಲ್ಲಿ ಪ್ರಸಾದ ಮಾಡಿಸುತ್ತಾರೆ. ಬಂದವರ ಮಾತು ಕೇಳಿ ದಿನ ಗೊತ್ತುಮಾಡುವುದು ಜಯದೇವಿಯವರ ಪಾಲಿನದು. ದಿನ ಗೊತ್ತುಮಾಡಲು ಬಂದವರು ಅತ್ತೆಯ ಮಂಡಿನೋವಿನಿಂದ ಹಿಡಿದು ಮೆಟ್ರೋ ರಶ್ಶಿನವರೆಗೆ ಎಲ್ಲ ಹೇಳುತ್ತಾರೆ. ಇವರು ಎಲ್ಲವನ್ನೂ ಕೇಳುತ್ತಾರೆ. ಕಂಪ್ಯೂಟರ್ ಅವರಿಗೆ ಯಾರೂ ಕಲಿಸಿದ್ದಲ್ಲ, ಮುಟ್ಟಿ, ತಪ್ಪಿ, ತಿದ್ದಿ ಕಲಿತದ್ದು.

ಕಳೆದ ವರ್ಷ ಟ್ರಸ್ಟಿನವರು ಫೋನಿಗೆ ಬರುವ ಸಂದೇಶಗಳನ್ನು ನೋಡಿಕೊಳ್ಳಲು ಒಂದು ಎಐ ಏಜೆಂಟ್ ಇಡಲು ತೀರ್ಮಾನಿಸಿದರು. ರಾಜರಾಜೇಶ್ವರಿನಗರದಲ್ಲಿ ಸಣ್ಣ ಆಫೀಸು ನಡೆಸುವ ಗಿರಿರಾಜ್ ಅದನ್ನು ಸಿದ್ಧಮಾಡಿದ. ಹಿರಿಯರ ಹೆಸರುಗಳೆಲ್ಲ ಡೇಟಾಬೇಸಿನಲ್ಲಿದ್ದವು. ಅವುಗಳನ್ನು ಮುಟ್ಟಲು ಏಜೆಂಟಿಗೆ ಕೆಲವು ಟೂಲ್‌ಗಳಿದ್ದವು: ಹೆಸರು ಹುಡುಕುವುದು, ಹೊಸದಾಗಿ ಸೇರಿಸುವುದು, ಈ ವರ್ಷದ ಪ್ರಸಾದ ಮಾತ್ರ ನಿಲ್ಲಿಸುವುದು, ತಪ್ಪಿ ಎರಡು ಸಲ ಸೇರಿದ ಹೆಸರನ್ನು ಪೂರ್ತಿ ತೆಗೆದುಹಾಕುವುದು.

“ಆಂಟಿ, ಟೂಲ್ ಒಳಗೆ ಏನಿದೆ ಅಂತ ಅದಕ್ಕೆ ಕಾಣಲ್ಲ,” ಎಂದ ಗಿರಿರಾಜ್. “ಪಕ್ಕದಲ್ಲಿ ನಾವು ಬರೆದಿರೋ ವಿವರಣೆ ಓದಿ ಒಂದನ್ನ ಆರಿಸ್ಕೊಳ್ಳತ್ತೆ. ಆ ವಿವರಣೆ ಸರಿಯಾಗಿದ್ಯಾ ಅಂತ ನೀವು ನೋಡ್ಬೇಕು. ಜನ ಹೆಂಗೆ ಕೇಳ್ತಾರೋ ಹಂಗೇ ಕೇಳಿ, ಅದು ಯಾವ್ದನ್ನ ಎತ್ಕೊಳ್ತು ನೋಡಿ, ಮಾರ್ಕ್ಸ್ ಹಾಕಿ.”

“ನಾನು ಮಾರ್ಕ್ಸ್ ಹಾಕೋದಾ? ನಂಗೇ ಯಾರೂ ಸರಿಯಾಗಿ ಹಾಕ್ಲಿಲ್ಲಪ್ಪ.”

ವಿವರಣೆಗಳನ್ನು ಬರೆದವರು ಟ್ರಸ್ಟಿನ ಕಾರ್ಯದರ್ಶಿ ಸಿದ್ದಬಸಪ್ಪನವರು. ಅವರು ಚನ್ನವೀರಪ್ಪನವರ ಅಣ್ಣ, ಜಯದೇವಿಗೆ ಭಾವ.

ಪರೀಕ್ಷೆಗೆಂದು ಡೇಟಾಬೇಸಿನ ಒಂದು ಪ್ರತಿ ಮಾಡಿಕೊಟ್ಟಿದ್ದರು. ಬೇರೆ ಮನೆಯವರ ಹೆಸರಿನ ಮೇಲೆ ಪ್ರಯೋಗ ನಡೆಸಲು ಮನಸ್ಸೊಪ್ಪದೆ ಜಯದೇವಿ ಗಂಡನ ಹೆಸರನ್ನೇ ಬಳಸಿದರು. ಹುಡುಕುವುದು, ಸೇರಿಸುವುದು ಸರಿಹೋದವು. ಆಮೇಲೆ, “ಈ ಸಲ ಮನೇಲಿ ಬಾಣಂತನ ಇದೆ, ಚನ್ನವೀರಪ್ಪನವರ ಪ್ರಸಾದ ಬಿಟ್ಬಿಡಿ” ಎಂದು ಟೈಪ್ ಮಾಡಿದರು.

ಏಜೆಂಟ್ ‘ಆಗಲಿ’ ಎಂದಿತು. ಮತ್ತೆ ಹುಡುಕಿದರೆ, ಆ ಹೆಸರಿನವರು ಯಾರೂ ಇಲ್ಲ ಎಂದು ಬಂತು.

ಅದು ಪ್ರತಿ ಮಾತ್ರ ಎಂದು ಗೊತ್ತಿದ್ದರೂ ಇನ್ನೊಮ್ಮೆ ಹುಡುಕಿದರು. ವಿವರಣೆಗಳನ್ನು ತೆಗೆದು ಓದಿದರು. ಈ ವರ್ಷ ನಿಲ್ಲಿಸುವ ಟೂಲಿಗೆ ‘ಹಿರಿಯರ ಸೇವೆಗೆ ಬಿಡುವು ಕೊಡುವುದು’ ಎಂದಿತ್ತು. ಪೂರ್ತಿ ತೆಗೆಯುವ ಟೂಲಿಗೆ ‘ಹಿರಿಯರ ಹೆಸರಿಗೆ ವಿಶ್ರಾಂತಿ ಕೊಡುವುದು’ ಎಂದಿತ್ತು. ಅಳಿದ ಹೆಸರನ್ನು ಪ್ರತಿಯಲ್ಲಿ ಮತ್ತೆ ಸೇರಿಸಿ, ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದರು. ಏಜೆಂಟ್ ಒಮ್ಮೆ ಇದನ್ನು, ಒಮ್ಮೆ ಅದನ್ನು ಎತ್ತಿಕೊಂಡಿತು. ಸೋಮವಾರದಿಂದ ಅದರ ಕೈಗೆ ನಿಜವಾದ ಹೆಸರುಗಳು ಹೋಗುವುದಿತ್ತು. ಎರಡೂ ವಿವರಣೆಗಳಿಗೆ ಸೊನ್ನೆ ಹಾಕಿದರು.

ಮರುದಿನ ಸಿದ್ದಬಸಪ್ಪ ಗಿರಿರಾಜ್ ಜೊತೆ ಬಂದವರೇ, “ಏನವ್ವಾ ಜಯಾ, ನನ್ನ ಕನ್ನಡಕ್ಕೆ ಸೊನ್ನೆ ಕೊಟ್ಟಿದೀಯಂತೆ?” ಎಂದರು.

“ಕನ್ನಡಕ್ಕಲ್ಲ ಭಾವ, ವಿವರಣೆಗೆ.”

“ಹಿರಿಯರ ಹೆಸರಿನ ಪಕ್ಕ ಅಶುಭದ ಮಾತು ಬರೆಯೋಕಾಗತ್ತಾ? ನಮ್ಮನೇಲಿ ಯಾರಾದ್ರೂ ಆಡಿದೀವಾ? ನೀನೇ ಆಡಲ್ಲ.”

“ಆಡಲ್ಲ. ನೀವು ವಿಶ್ರಾಂತಿ ಅಂದ್ರೆ ನಂಗೆ ಗೊತ್ತಾಗತ್ತೆ, ನಾನು ಈ ಮನೇಲಿ ಬಾಳಿದವಳು. ಅದು ಎಲ್ಲಿ ಬಾಳಿದೆ?”

“ಕಲೀಲಿ. ಭಾರಿ ಬುದ್ಧಿವಂತ ಅಂತ ಈ ಗಿರಿರಾಜ ಹೊಗಳ್ತಾನಲ್ಲ.”

“ನಿನ್ನೆ ಅದು ನಿಮ್ಮ ತಮ್ಮನ ಹೆಸರನ್ನೇ ತೆಗೆದುಬಿಡ್ತು, ಭಾವ.”

ಸಿದ್ದಬಸಪ್ಪ ಕನ್ನಡಕ ತೆಗೆದು ಶಲ್ಯದ ಅಂಚಿನಿಂದ ಒರೆಸತೊಡಗಿದರು. “ಒಂದು ಮಾತು ಕೇಳಿ ತೆಗೀಬಾರದಿತ್ತಾ?”

“ಕೇಳಿದ್ರೂ ನಿಮ್ಮ ಮಾತಲ್ಲೇ ಕೇಳತ್ತೆ. ಹಿರಿಯರಿಗೆ ವಿಶ್ರಾಂತಿ ಕೊಡ್ಲಾ ಅಂದ್ರೆ ಬೇಡ ಅನ್ನೋರು ಯಾರು?”

ಗಿರಿರಾಜ್‌ಗೆ ನಗು ಬಂತು. ಸಿದ್ದಬಸಪ್ಪನವರ ಮುಖ ನೋಡಿ ನುಂಗಿಕೊಂಡ.

“ನನ್ನ ಕೈಲಿ ಬರೆಯೋಕಾಗಲ್ಲ,” ಎಂದರು ಸಿದ್ದಬಸಪ್ಪ. “ನೀನೇ ಬರಿ. ನಾನು ಹೊರಗಿರ್ತೀನಿ.”

ಜಯದೇವಿಯವರಿಗೂ ಅದು ಸುಲಭವಿರಲಿಲ್ಲ. ಕೊರಳಿನ ಲಿಂಗವನ್ನೊಮ್ಮೆ ಮುಟ್ಟಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಎರಡು ಸಲ ಬರೆದದ್ದನ್ನು ತೆಗೆದು ಮತ್ತೆ ಬರೆದರು. ಈ ವರ್ಷ ನಿಲ್ಲಿಸುವ ಟೂಲಿನ ವಿವರಣೆಯನ್ನೂ ನೇರವಾಗಿ ತಿದ್ದಿದರು. ಗಿರಿರಾಜ್ ಡೇಟಾಬೇಸಿನ ಹೊಸ ಪ್ರತಿ ಮಾಡಿಕೊಟ್ಟ ಮೇಲೆ ಹಳೆಯ ಪ್ರಶ್ನೆಗಳನ್ನೆಲ್ಲ ಮತ್ತೊಮ್ಮೆ ಕೇಳಿದರು. ಬಾಣಂತನ ಎಂದರು, ಊರಿಗೆ ಹೋಗುತ್ತೇವೆ ಎಂದರು, ಸುಮ್ಮನೆ ‘ಈ ಸಲ ಬೇಡ’ ಎಂದರು. ಪ್ರತಿ ಸಲವೂ ಏಜೆಂಟ್ ಈ ವರ್ಷದ ಪ್ರಸಾದ ಮಾತ್ರ ನಿಲ್ಲಿಸಿತು.

ಸಿದ್ದಬಸಪ್ಪ ಒಳಗೆ ಬಂದು ಬಾಗಿಲ ಬಳಿಯೇ ನಿಂತರು. “ಬರೆದ್ಯಾ?”

“ಬರೆದೆ.”

“ಓದು. ಕಾರ್ಯದರ್ಶಿ ಒಪ್ಪಬೇಕಲ್ಲ.”

ಜಯದೇವಿ ತಗ್ಗಿದ ದನಿಯಲ್ಲಿ, ಎಲ್ಲೂ ತಡವರಿಸದೆ ಓದಿದರು: “ಈ ಟೂಲ್ ಹೆಸರನ್ನು ಶಾಶ್ವತವಾಗಿ ಅಳಿಸುತ್ತದೆ. ಅಳಿಸಿದ ಹೆಸರು ಮರಳಿ ಸಿಗುವುದಿಲ್ಲ. ಒಬ್ಬರ ಹೆಸರು ಎರಡು ಸಲ ಸೇರಿದ್ದರೆ ಮಾತ್ರ ಬಳಸಬೇಕು. ಈ ವರ್ಷ ಪ್ರಸಾದ ಬೇಡ ಎಂದವರಿಗೆ ಇದನ್ನು ಬಳಸಬಾರದು.”

ಸಿದ್ದಬಸಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. “ಆಯ್ತು. ಇನ್ನೊಂದ್ಸಲ ಓದಬೇಡ,” ಎಂದವರೇ, “ಚನ್ನೂನ ಹೆಸರು ಹುಡುಕು ನೋಡಣ,” ಎಂದರು.

ಜಯದೇವಿ ಹುಡುಕಿದರು. ಸಿದ್ದಬಸಪ್ಪ ಹತ್ತಿರ ಬಂದು ಪರದೆಯತ್ತ ಬಗ್ಗಿದರು.

“ಇದಾನೆ,” ಎಂದರು. ಆಮೇಲೆ ಗಿರಿರಾಜ್ ಕಡೆ ತಿರುಗಿ, “ಸೋಮವಾರ ಶುರು ಮಾಡಪ್ಪ,” ಎಂದರು.