ಖಾಲಿ ಕೈಯ ಲ್ಯಾಬು

ಎಪ್ಪತ್ತರ ದಶಕದಲ್ಲಿ, ಅಜ್ಜಂಪುರದ ಕಡೆ ಹಳೇ ಕೊಬ್ಬರಿ ಗೋದಾಮಿನಲ್ಲಿ ನಡೆಯುತ್ತಿದ್ದ ನಮ್ಮ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಿದ್ದರು, ಲ್ಯಾಬ್ ಇರಲಿಲ್ಲ.

ಮೇಷ್ಟ್ರಿಗೆ ಅದೊಂದು ಕೊರತೆಯೇ ಅಲ್ಲ. ಖಾಲಿ ಕೈ ಮೇಲೆತ್ತಿ, “ಟೆಸ್ಟ್‌ಟ್ಯೂಬ್ ಐತೆ ಅನ್ಕಳ್ರೋ” ಎನ್ನುವರು. ಇನ್ನೊಂದು ಖಾಲಿ ಕೈಯಿಂದ ಅದಕ್ಕೆ ಆಸಿಡ್ ಸುರಿಯುವರು. ಆಮೇಲೆ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು, “ಕೊಳೆತ ಮೊಟ್ಟೆ ವಾಸ್ನೆ ಕಣ್ರೋ!” ಎಂದು ಹಿಂದಕ್ಕೆ ಹಾರುವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಜನ್ಮದಲ್ಲಿ ಮೊಟ್ಟೆ ಮುಟ್ಟದ ಈ ಮನುಷ್ಯನಿಗೆ ಅದರ ವಾಸನೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಯಾರಿಗಿತ್ತು? ನಾವೂ ಹಾರುತ್ತಿದ್ದೆವು.

ಶಾಲೆಗೆ ಮಾನ್ಯತೆ ಕೊಡಬಹುದೋ ಇಲ್ಲವೋ ನೋಡಲು ಇನ್ಸ್‌ಪೆಕ್ಟರು ಬಂದ ದಿನ, ಕಡೂರಿನಿಂದ ಕಡ ತಂದ ಗಾಜಿನ ಸಾಮಾನು ಮೇಜಿನ ಮೇಲೆ ಮಿಂಚುತ್ತಿತ್ತು.

“ಒಂದು ಪ್ರಯೋಗ ಮಾಡಿ ತೋರ್ಸಮ್ಮ” ಎಂದು ಅವರು ನಮ್ಮ ತರಗತಿಯ ಗಿರಿಜೆಗೆ ಹೇಳಿದರು.

ಗಿರಿಜೆ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಕಲಿತ ಹಾಗೆಯೇ ಖಾಲಿ ಕೈ ಎತ್ತಿದಳು, ಇಲ್ಲದ ಆಸಿಡ್ಡನ್ನು ಜೋಪಾನವಾಗಿ ಸುರಿದಳು, ಮೂಗು ಮುಚ್ಚಿಕೊಂಡು ಹಿಂದಕ್ಕೆ ಹಾರಿದಳು. ಅವಳ ಜೊತೆ ಇಡೀ ತರಗತಿ ಹಾರಿತು. ಮಾನ್ಯತೆ ಕೈತಪ್ಪಿತೆಂದು ಹೆಡ್‌ಮಾಸ್ಟರು ಹಣೆ ಚಚ್ಚಿಕೊಂಡರು.

ನಮ್ಮ ಮೇಷ್ಟ್ರು ಮಾತ್ರ ಇನ್ಸ್‌ಪೆಕ್ಟರನ್ನೇ ನೋಡುತ್ತಿದ್ದರು. ಆ ಮಹಾಶಯರು ಬಾಗಿಲವರೆಗೆ ಹಿಂದೆ ಸರಿದು, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದರು.

“ವಾಸ್ನೆ ಬಂತಲ್ಲಾ ಸಾರ್?” ಎಂದರು ಮೇಷ್ಟ್ರು. “ಹಂಗಾರೆ ಲ್ಯಾಬೂ ಐತೆ ಅನ್ಕಳಿ.”