ಬೇಗ ಎತ್ತಿಕೊಂಡ ಡಬ್ಬ

ನಾವು ಹೊಸೂರಿನಲ್ಲಿದ್ದಾಗ ನನ್ನ ಸೊಸೆ ಡಿಸ್ಕಿಗೆ ಡೇಟಾ ಬರೆಯುವ ಸಾಫ್ಟ್‌ವೇರ್ ಮಾಡುತ್ತಿದ್ದಳು. ದೊಡ್ಡ ಫೈಲನ್ನು ಡಿಸ್ಕ್ ಒಂದೇ ಸಲಕ್ಕೆ ತೆಗೆದುಕೊಳ್ಳದು, ತುಂಡು ಮಾಡಿ ಕಳಿಸಬೇಕಂತೆ. ಅವಳು ಕಳಿಸಿದ್ದೆಲ್ಲ ಅರ್ಧಂಬರ್ಧ ಉಳಿಯುತ್ತಿತ್ತು. ಸೋಮವಾರ ಡೆಮೊ. ಪೂರ್ ಗರ್ಲ್, ಊಟವೇ ಸೇರುತ್ತಿರಲಿಲ್ಲ.

ಭಾನುವಾರ ಅವಳನ್ನು ಹಿಟ್ಟಿನ ಮಿಲ್ಲಿಗೆ ಕರೆದೊಯ್ದೆ. ನಮ್ಮ ರಾಗಿ ಜಾಸ್ತಿಯಿತ್ತು, ಯಂತ್ರದಲ್ಲಿ ಒಂದೇ ಸಲಕ್ಕೆ ಹಿಡಿಸದೆ ಮಿಲ್ಲಿನವನು ಎರಡು ಸಲ ಸುರಿದ. ಮೊದಲ ಸಲದ ಹಿಟ್ಟು ಬಿದ್ದದ್ದೇ ತಡ, ಸೊಸೆ ಡಬ್ಬ ಎತ್ತಿಕೊಂಡಳು. ನಮ್ಮ ಹಿಂದೆ ನಿಂತಿದ್ದ ಪಕ್ಕದ ಮನೆಯಾಕೆ ತನ್ನ ಡಬ್ಬವಿಟ್ಟು ಅಕ್ಕಿ ಹಾಕಿಸಿದಳು. ನಮ್ಮ ಮಿಕ್ಕ ರಾಗಿಹಿಟ್ಟೆಲ್ಲ ಅವಳ ಅಕ್ಕಿಹಿಟ್ಟಿನ ಜೊತೆ ಬಿತ್ತು.

“ಯಾಕವ್ವಾ ಅಷ್ಟ್ ಅವಸ್ರ? ನಿನ್ ರಾಗಿ ಇನ್ನೂ ಬೀಳ್ತಾ ಐತೆ, ಡಬ್ಬ ಎತ್ಕೊಂಡ್ಬುಟ್ಟೆ! ನನ್ ಹಿಟ್ಟಿನ್ ಬಣ್ಣ ನೋಡು!”

ಸಾರಿ ಹೇಳುವ ಬದಲು ಸೊಸೆ ಚಪ್ಪಾಳೆ ತಟ್ಟಿದಳು. “ಅತ್ತೇ, ನನ್ನ ಪ್ರೋಗ್ರಾಮೂ ಇದನ್ನೇ ಮಾಡ್ತಿರೋದು! ಮೊದಲ್ನೇ ತುಂಡು ಇಳಿದ ಕೂಡ್ಲೇ ಎಲ್ಲಾ ಮುಗೀತು ಅಂದ್ಬಿಡುತ್ತೆ!”

“ನಗ್ತೀಯಲ್ಲವ್ವಾ! ಇದ್ರಲ್ಲಿ ದೋಸೆ ಹುಯ್ಯೋಳು ನಾನು.”

ಕೊನೆಯ ತುಂಡಿನವರೆಗೂ ಕಾಯುವಂತೆ ಸೊಸೆ ಅಂದೇ ಪ್ರೋಗ್ರಾಂ ತಿದ್ದಿದಳು. ಸೋಮವಾರ ಎಲ್ಲ ಫೈಲೂ ಇಡಿಯಾಗಿ ಉಳಿದವು. ಸಂಜೆ ಪಕ್ಕದ ಮನೆಯಾಕೆ ಕರೆದು ಆ ಕಂದು ದೋಸೆ ಬಡಿಸಿದಳು. ಎಂಥ ರುಚಿ, ಮೈ ಗಾಡ್! ಒಂದು ತಿಂದು ಏಳಹೊರಟ ಸೊಸೆಯ ಕೈಯನ್ನು ಆಕೆ ಹಿಡಿದಳು.

“ತಟ್ಟೆ ಎತ್ಬ್ಯಾಡ ಕಣವ್ವಾ, ಇನ್ನೂ ಐತೆ.”