ಕಾಕಾ ತೆಗೆದ ಸಾಲು

ಹೋದ ವಾರ ಘೋಣಸಗಿಗೆ ಹೊರಟಿದ್ದೆ. ತಿಕೋಟಾ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಗಂಧಕದ ಘಾಟು ಒಳಗೆ ನುಗ್ಗಿತು. ಯಾವುದೋ ಶೆಡ್ಡಿನಲ್ಲಿ ಒಣದ್ರಾಕ್ಷಿಗೆ ಹೊಗೆ ಹಾಕುತ್ತಿದ್ದರು. ಉಳಿದವರೆಲ್ಲ ಮೂಗು ಮುಚ್ಚಿಕೊಂಡರೆ ನಾನು ಮಾತ್ರ ಹಿಂದೆ ತಿರುಗಿ ನೋಡಿದೆ, ಕಾಕಾ ಬಂದರೇನೋ ಎಂದು...

ಗೋಳಗುಮ್ಮಟದ ಹತ್ತಿರ, ಅಂಗಡಿಗಳ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ದ್ರಾಕ್ಷಿ ತೋಟದ ಪಂಪುಗಳನ್ನು ತಾನಾಗಿಯೇ ನಡೆಸುವ ಪೆಟ್ಟಿಗೆ ಮಾಡುತ್ತಿದ್ದೆವು. ಅದರೊಳಗಿನ ಸಿ ಭಾಷೆಯ ಪ್ರೋಗ್ರಾಮ್ ಬರೆಯುವವರಲ್ಲಿ ಹಿರಿಯರು ಈ ಕಾಕಾ. ರಕ್ತಸಂಬಂಧಿಯಲ್ಲ, ಆಫೀಸಿಗೆಲ್ಲ ಕಾಕಾ. ಕಾಖಂಡಕಿಯಲ್ಲಿ ಅವರ ಮನೆಯವರದೇ ಒಣದ್ರಾಕ್ಷಿ ಶೆಡ್ಡಿತ್ತು, ಅಂಗಿಗೆ ಸದಾ ಗಂಧಕದ ವಾಸನೆ. ಬೆಳಿಗ್ಗೆ ನನ್ನ ಕುರ್ಚಿಗೆ ಆ ವಾಸನೆ ಅಂಟಿದ್ದರೆ, ನಾನು ಬರುವ ಮುಂಚೆ ಅವರು ನನ್ನ ಕಂಪ್ಯೂಟರಿನ ಮುಂದೆ ಕೂತಿದ್ದರು ಎಂದೇ ಅರ್ಥ.

ನನ್ನ ಸ್ವಭಾವವೇ ಅನುಮಾನದ್ದು, ಮುಚ್ಚಿಡುವುದೇಕೆ? ಆಗ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಕಾನ ಅಳಿಯ ನಾನು ಓದಿದ್ದನ್ನೇ ಓದಿ ಮನೆಯಲ್ಲಿ ಖಾಲಿ ಕೂತಿದ್ದಾನೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ನನ್ನ ಜಾಗ ಅವನಿಗೆ ಬೇಕಾಗಿದೆ ಎಂದು ಶಂಕಿಸಲು ಅಷ್ಟು ಸಾಕಾಯಿತು.

ಸಿ ಭಾಷೆಯಲ್ಲಿ ಒಂದು ಕಡತಕ್ಕೆ ಇನ್ನೊಂದರ ಕೆಲಸ ಬೇಕಾದರೆ, ಅದರ ಹೆಡರ್, ಅಂದರೆ ಅದರಲ್ಲಿ ಏನೇನಿದೆ ಎಂಬ ಪರಿಚಯದ ಪಟ್ಟಿ, ಬೇಕು ಎಂದು ತನ್ನ ಆರಂಭದಲ್ಲೇ ಒಂದು ಸಾಲು ಬರೆದುಕೊಳ್ಳಬೇಕು. ನಮ್ಮಲ್ಲಿ ಕಡತಗಳು ನೂರಾರು. ಬೇಕಾದ್ದನ್ನು ಹುಡುಕಿ ಬರೆಯುವ ಬೇಸರಕ್ಕೆ ಯಾರೋ ಎಲ್ಲ ಹೆಡರುಗಳನ್ನೂ ಒಂದೇ ದೊಡ್ಡ ಹೆಡರಿಗೆ ತುಂಬಿದ್ದರು. ಅದಕ್ಕೆ ಗಂಟು ಎಂದೇ ಹೆಸರು. ಎಲ್ಲರೂ ಗಂಟನ್ನು ತಂದುಕೊಂಡು ಆರಾಮಾಗಿದ್ದೆವು. ಆದರೆ ಅದರಲ್ಲಿ ಒಂದಕ್ಷರ ಬದಲಾದರೂ ನೂರಾರು ಕಡತಗಳು ಮತ್ತೆ ಕಂಪೈಲ್ ಆಗಬೇಕು, ಅಂದರೆ ಯಂತ್ರದ ಭಾಷೆಗೆ ಹೊಸದಾಗಿ ಅನುವಾದವಾಗಬೇಕು. ಕೆಳಗಿಳಿದು ಚಹಾ ಕುಡಿದು ಬಂದರೂ ಅದು ಮುಗಿದಿರುತ್ತಿರಲಿಲ್ಲ.

ಕಾಕಾ ಈ ಗಂಟು ಬಿಚ್ಚಲು ಕೂತರು. ಪ್ರತಿ ಸಾಲಿನ ಪಕ್ಕದಲ್ಲಿ "ಯಾರಿಗೆ ಬೇಕು?" ಎಂದು ಟಿಪ್ಪಣಿ ಹಾಕುವುದು, ಯಾರೂ ಬಾಯಿ ಬಿಡದಿದ್ದರೆ ಸಾಲನ್ನೇ ಅಳಿಸುವುದು. ಒಂದು ದಿನ ಒತ್ತಡದ ಹೆಡರಿನ ಸಾಲೂ ಹೋಯಿತು. ಪೈಪಿನ ನೀರಿನ ಒತ್ತಡ ಅಳೆಯುವ ಫಂಕ್ಷನ್ನಿನ ಪರಿಚಯ ಇದ್ದದ್ದು ಆ ಹೆಡರಿನಲ್ಲಿ. ಅದನ್ನು ಬಳಸುತ್ತಿದ್ದದ್ದು ನನ್ನ ಕಡತ, ಅದೂ ಗಂಟಿನ ಮೂಲಕ.

ಕಡತ ಕಂಪೈಲ್ ಆಗದೆ ನಿಂತಿದ್ದರೆ ಅದೇ ಪುಣ್ಯವಾಗುತ್ತಿತ್ತು. ನಮ್ಮದು ಹಳೆಯ ಕಂಪೈಲರ್. ಪರಿಚಯವಿಲ್ಲದ ಫಂಕ್ಷನ್ ಕಂಡರೆ ಅದು ಪೂರ್ಣಾಂಕವನ್ನೇ ಕೊಡುತ್ತದೆಂದು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತಿತ್ತು. ನಮ್ಮ ಫಂಕ್ಷನ್ ಕೊಡುತ್ತಿದ್ದದ್ದು ದಶಮಾಂಶದ ಸಂಖ್ಯೆ, ಹೀಗಾಗಿ ಒತ್ತಡದ ಅಳತೆಯೇ ಸುಳ್ಳಾಯಿತು. ಕಂಪೈಲರ್ ಎಚ್ಚರಿಸಿರಲೇಬೇಕು, ಆದರೆ ಎಚ್ಚರಿಕೆಗಳ ಕಾಟ ಬೇಡವೆಂದು ಅವನ್ನೆಲ್ಲ ಬಂದ್ ಮಾಡಿಟ್ಟಿದ್ದೆವು, ಎಲ್ಲರೂ ಸೇರಿ. ಘೋಣಸಗಿಯ ತೋಟದಲ್ಲಿ ಪರೀಕ್ಷೆಗಿಟ್ಟ ಪೆಟ್ಟಿಗೆ, ಒತ್ತಡವೇ ಇಲ್ಲವೆಂದು ತಿಳಿದು ಪಂಪನ್ನು ಓಡಿಸಿಯೇ ಓಡಿಸಿತು. ಪೈಪುಗಳ ಜೋಡಣೆ ಕಿತ್ತುಬಂತು.

"ಮೊಳಕಾಲ ಮಟಾ ನೀರಾಗ ನಿಂತೀನ್ರಿ ಯವ್ವಾ, ನಿಮ್ಮ ಡಬ್ಬಿ ಏನ್ ಮಾಡಾಕತ್ತೈತಿ?" ಎಂದು ತೋಟದವರು ಫೋನಿನಲ್ಲಿ ಕೂಗಿದರು.

ಮಾಲೀಕರು ನನ್ನನ್ನು ಕರೆಸಿದರು. ತಪ್ಪಿದ ಕಡತದ ಮೇಲೆ ಇದ್ದದ್ದು ನನ್ನ ಹೆಸರು. ನೌಕರಿ ಕೈತಪ್ಪಿತು ಎಂದುಕೊಂಡೆ. ಆಗ ಕಾಕಾ ಕರೆಯದೆಯೇ ಒಳಗೆ ಬಂದರು.

"ಆ ಸಾಲು ತಗದಾಂವ ನಾನ್ರಿ. ಬರೇ ಟಿಪ್ಪಣಿ ಹಾಕಿದ್ದೆ, ಈಕಿಗೆ ಬಾಯಿಲೆ ಹೇಳಬೇಕಿತ್ತು, ಹೇಳಿಲ್ಲ."

ಇನ್ನೊಬ್ಬಳಾಗಿದ್ದರೆ ಕೈಮುಗಿಯುತ್ತಿದ್ದಳು. ನನಗೆ ಅನುಮಾನ ಇಮ್ಮಡಿಯಾಯಿತು. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರು ಇನ್ನೇನನ್ನು ಮುಚ್ಚಿಟ್ಟಿದ್ದಾರೋ! ಅಂದಿನಿಂದ ಕಾಕಾ ಮುಟ್ಟಿದ ಯಾವುದನ್ನೂ ನಂಬುವುದಿಲ್ಲವೆಂದು ಹಟ ಹಿಡಿದೆ. ನನ್ನ ಕಡತಗಳಿಂದ ಗಂಟನ್ನೇ ಕಿತ್ತು ಹಾಕಿದೆ. ಎಲ್ಲಕ್ಕಿಂತ ಮೇಲೆ ಕಡತದ ಸ್ವಂತ ಹೆಡರಿನ ಸಾಲು ಇಟ್ಟೆ, ಅದಕ್ಕೆ ಯಾರ ಆಸರೆಯೂ ಇಲ್ಲದೆ ನಿಲ್ಲಲು ಬರುತ್ತದೋ ಇಲ್ಲವೋ ಕಾಣಲಿ ಎಂದು. ಅದರ ಕೆಳಗೆ ಆ ಕಡತ ಬಳಸುವಷ್ಟನ್ನೇ ಒಂದೊಂದಾಗಿ ಬರೆದೆ. ಎಚ್ಚರಿಕೆಗಳನ್ನೂ ಮತ್ತೆ ಚಾಲೂ ಮಾಡಿದೆ. ಅವರು ಒಂದು ಸಾಲು ಅಳಿಸಿದರೆ ಯಾಕೆಂದು ಹೋಗಿ ಕೇಳುತ್ತಿದ್ದೆ, ಉತ್ತರ ಸರಿ ಕಾಣದಿದ್ದರೆ ವಾಪಸ್ ಹಾಕುತ್ತಿದ್ದೆ.

"ನನ್ನ ಮ್ಯಾಲ ಭಾಳ ಕಣ್ಣ ಇಟ್ಟಿ ಬಿಡವಾ," ಎಂದು ಒಮ್ಮೆ ನಕ್ಕರು.

"ಇಡಬೇಕಾಗೇತ್ರಿ," ಎಂದೆ. ನಾನು ನಗಲಿಲ್ಲ.

ಕ್ರಮೇಣ ಉಳಿದವರೂ ನನ್ನ ಹಾಗೆಯೇ ಬರೆಯತೊಡಗಿದರು. ಗಂಟು ಕರಗುತ್ತಾ ಬಂದು ಒಂದು ದಿನ ಇಲ್ಲವಾಯಿತು. ನನ್ನ ನೌಕರಿ ಕಾಯಂ ಆಯಿತು. ಅಳಿಯ ಕೊನೆಗೂ ನಮ್ಮ ಆಫೀಸಿನ ಮೆಟ್ಟಿಲು ಹತ್ತಲಿಲ್ಲ, ಅದೂ ಯಾಕೋ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಮುಂದೆ ಕಾಕಾ ಕೆಲಸ ಬಿಟ್ಟು ಶೆಡ್ಡಿನ ವ್ಯವಹಾರ ನೋಡಲು ಊರು ಸೇರಿದರು. ಬೀಳ್ಕೊಡುವ ದಿನ ಎಲ್ಲರೊಡನೆ ಚಪ್ಪಾಳೆ ತಟ್ಟಿದೆ, ಅಷ್ಟೇ...

ಘೋಣಸಗಿಯಿಂದ ಬಂದ ಮರುದಿನ ಆಫೀಸಿನಲ್ಲಿ ಕಾಕಾನ ಸುದ್ದಿ ಕೇಳಿದೆ. ಹೋದ ದೀಪಾವಳಿಗೆ ಸ್ವಲ್ಪ ಮುಂಚೆ ತೀರಿಕೊಂಡರಂತೆ. ನನಗೆ ಯಾರೂ ಹೇಳಿರಲಿಲ್ಲ. ನಮ್ಮಿಬ್ಬರಿಗೆ ಆಗಿಬರುವುದಿಲ್ಲ ಎಂದುಕೊಂಡಿರಬೇಕು.

ಈ ಭಾನುವಾರ ಬಬಲೇಶ್ವರದ ಮೇಲಿಂದ ಕಾಖಂಡಕಿಗೆ ಹೋದೆ. ಕಾಕಾನ ಹೆಂಡತಿಯನ್ನು ನಾನು ಎಂದೂ ನೋಡಿರಲಿಲ್ಲ. ಆಫೀಸಿನವಳು ಎಂದೆ. ಅವರು ಚಹಾ ತಂದಿಟ್ಟು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

"ನಮ್ಮ ಮನಿಯವರು, ನಮ್ಮ ಆಫೀಸಿನ್ಯಾಗ ಒಬ್ಬಾಕಿ ಅದಾಳ, ನಾ ಮುಟ್ಟಿದ್ದನ್ನ ತಾ ಇನ್ನೊಮ್ಮೆ ನೋಡದ ಬಿಡಂಗಿಲ್ಲ, ಆಕಿ ಬಂದ ಮ್ಯಾಲೆ ನನಗ ನಿದ್ದಿ ಚಲೋ ಬರಾಕತ್ತೈತಿ ಅಂತಿದ್ರು. ಆಕಿ ನೀವ ಏನ್ರಿ?"

"ಹೌದ್ರಿ... ನಾನ."

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತನ್ನೂ ಅನುಮಾನಿಸಲು ನೋಡಿದೆ, ಬಂದವಳ ಮನಸ್ಸಿಗೆ ಹಿತವಾಗಲೆಂದು ಹೇಳಿರಬಹುದು ಎಂದು. ಆಗಲಿಲ್ಲ. ನಿಜವೇ ಎಂದು ಹೋಗಿ ಕೇಳೋಣವೆಂದರೆ ಕಾಕಾ ಇಲ್ಲ.